ಎರಡು ಖಂಡುಗ ಗದ್ದೆ, ಒಂದು ಹುಣಸೆಮರ

ನಮ್ಮ ನಾಡಿನ ಶಾಸನಗಳನ್ನು ಓದಹೊರಟವರ ಕಣ್ಣಿಗೆ ಮೊದಲು ಬೀಳುವುದು ದೊಡ್ಡ ದಾನಗಳು. ಚಕ್ರವರ್ತಿ ತನ್ನ ಸಾಮಂತನಿಗೆ ನಾಡನ್ನೇ ಬಿಟ್ಟುಕೊಟ್ಟ, ದಂಡನಾಯಕ ದೇವಾಲಯಕ್ಕೆ ಊರನ್ನೇ ಧಾರೆಯೆರೆದ ಎಂಬಂಥ ಸಂಗತಿಗಳು. ಇತಿಹಾಸದ ಪುಸ್ತಕಗಳೂ ಇವನ್ನೇ ಎತ್ತಿ ಹೇಳುತ್ತವೆ. ಆದರೆ ಅದೇ ಕಲ್ಲಿನ ಕೆಳತುದಿಯಲ್ಲಿ, ಪಾಚಿ ಹಿಡಿದ ಸಾಲುಗಳಲ್ಲಿ, ಒಂದು ದೀಪಕ್ಕೆ ಇಷ್ಟು ಎಣ್ಣೆ, ಒಂದು ಅರವಟ್ಟಿಗೆಗೆ ಇಷ್ಟು ಭತ್ತ, ಕೆರೆಯ ಹೂಳು ಹೊರುವ ಬಂಡಿಗೆ ಇಷ್ಟು ಗದ್ದೆ ಎಂದು ಬರೆದಿರುವ ಸಣ್ಣ ದತ್ತಿಗಳೂ ಇರುತ್ತವೆ. ಅವುಗಳಲ್ಲಿ ವೀರಾವೇಶವಿಲ್ಲ, ಬಿರುದಾವಳಿ ಇಲ್ಲ. ಇಂಥ ಕೆಲಸ ನಡೆಯಬೇಕು, ಇಂಥವನು ನಡೆಸಬೇಕು, ಅವನ ಅನ್ನಕ್ಕೆ ಇದು ಇರಲಿ ಎಂಬ ಸಾದಾ ಮಾತು ಮಾತ್ರ ಇರುತ್ತದೆ. ಇಪ್ಪತ್ತು ವರ್ಷ ಶಾಸನಪಾಠ ಹೇಳಿದ ಮೇಲೆ ನನ್ನ ಮನಸ್ಸು ಈಚೆಗೆ ಈ ಸಣ್ಣ ದತ್ತಿಗಳ ಕಡೆಗೇ ಹೆಚ್ಚಾಗಿ ಹೋಗುತ್ತಿದೆ.

ಇಂದು ಅಂಥ ಎರಡು ಸಣ್ಣ ದತ್ತಿಗಳ ಕಥೆಯನ್ನು ಓದುಗರ ಮುಂದಿಡಬೇಕೆಂದಿದ್ದೇನೆ. ಎರಡೂ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿಗೆ ಸೇರಿದವು. ಎರಡರ ನಡುವೆ ಸಾವಿರ ವರ್ಷಗಳ ಅಂತರವಿದೆ. ಮೊದಲನೆಯದು ಒಂದು ನಾಯಿಗೆ ಸಂಬಂಧಪಟ್ಟದ್ದು, ಕಲ್ಲಿನ ಮೇಲಿದೆ. ಎರಡನೆಯದು ಹಕ್ಕಿಗಳಿಗೆ ಸಂಬಂಧಪಟ್ಟದ್ದು. ಅದನ್ನು ಯಾರೂ ಕಲ್ಲಿನಲ್ಲಿ ಕೊರೆಸಿಲ್ಲ. ಆದರೆ ಅದರ ಭಾರವನ್ನು ಹೊತ್ತವರಲ್ಲಿ ಹೆಚ್ಚಿನವರು ಊರಿನ ತರುಣರು ಎಂಬುದರಿಂದ, ಅದು ಮೊದಲನೆಯದಕ್ಕಿಂತ ನಮಗೆ ಹತ್ತಿರದ್ದು.

ಆತಕೂರಿನ ಶಾಸನ ಕನ್ನಡ ಎಂ.ಎ. ವಿದ್ಯಾರ್ಥಿಗಳೆಲ್ಲರಿಗೂ ಪರಿಚಿತ. ಕ್ರಿ.ಶ. ೯೪೯-೫೦ರ ಕಾಲದ್ದು. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನು ತಕ್ಕೋಲದಲ್ಲಿ ಚೋಳರೊಡನೆ ಕಾದಿದ ಸಂದರ್ಭ. ಗಂಗರ ಇಮ್ಮಡಿ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದನು. ಸಂತುಷ್ಟನಾದ ಕೃಷ್ಣನು ಬೂತುಗನಿಗೆ ಬನವಾಸಿ ಪನ್ನಿರ್ಛಾಸಿರವನ್ನೂ ಬೆಳ್ವೊಲ, ಪುರಿಗೆರೆ ಮುಂತಾದ ನಾಡುಗಳನ್ನೂ ಕೊಟ್ಟನು. ಬೂತುಗನ ಆಳು ಮಣಲೆರನೆಂಬ ವೀರ. ಅವನ ಶೌರ್ಯಕ್ಕೆ ಮೆಚ್ಚಿದ ಬೂತುಗನು ಬೇಕಾದದ್ದನ್ನು ಕೇಳೆಂದಾಗ ಅವನು ಕೇಳಿದ್ದು ಕಾಳಿಯೆಂಬ ಬೇಟೆನಾಯಿಯನ್ನು. ಆ ಕಾಳಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ಎರಡೂ ಹೋರಾಡಿ ಒಟ್ಟಿಗೆ ಸತ್ತವು. ಅದರ ನೆನಪಿಗೆ ಆತಕೂರಿನ ಚಲ್ಲೇಶ್ವರನ ಮುಂದೆ ಕಲ್ಲು ನೆಡಿಸಿ, ಊರಿನ ದೊಡ್ಡ ಕೆರೆಯ ಕೆಳಗೆ ಎರಡು ಖಂಡುಗ ಗದ್ದೆಯನ್ನು ಬಿಟ್ಟರು. ನಾಯಿಯೂ ಹಂದಿಯೂ ಸೆಣಸುವ ಚಿತ್ರವುಳ್ಳ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಈ ಪಾಠ ಬಂದಾಗಲೆಲ್ಲ ತರಗತಿಯಲ್ಲಿ ನಗು ಏಳುತ್ತದೆ. "ನಾಯಿಗೆ ಗದ್ದೆ ಯಾಕೆ ಸಾರ್?" ಎಂದು ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. ಗದ್ದೆ ನಾಯಿಗಲ್ಲ, ನಾಯಿಯ ಕಲ್ಲನ್ನು ಪೂಜಿಸುವ ಗೊರವನಿಗೆ ಎಂದು ವಿವರಿಸಬೇಕಾಗುತ್ತದೆ. ಶಾಸನವು ಅಷ್ಟಕ್ಕೇ ಸುಮ್ಮನಾಗುವುದಿಲ್ಲ. ಆ ಭೂಮಿಯನ್ನು ಉಣ್ಣುವ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ಆ ನಾಯಿ ಮಾಡಿದ ಪಾಪ ಅವನಿಗೆ ತಟ್ಟಲಿ ಎಂದು ಶಪಿಸುತ್ತದೆ. ನಗುವ ಹುಡುಗರಿಗೆ ನಾನು ಹೇಳುವುದಿಷ್ಟು: ಒಂದೇ ಕಲ್ಲಿನಲ್ಲಿ ಹನ್ನೆರಡು ಸಾವಿರದ ನಾಡಿನ ದಾನವೂ ಇದೆ, ಎರಡು ಖಂಡುಗ ಗದ್ದೆಯ ದಾನವೂ ಇದೆ. ದೊಡ್ಡ ದಾನದಲ್ಲಿ ಪಡೆದವನು ಏನು ಮಾಡಬೇಕೆಂಬ ಮಾತೇ ಇಲ್ಲ. ಅದು ಆಗಿಹೋದ ಪರಾಕ್ರಮಕ್ಕೆ ಕೊಟ್ಟ ಬಹುಮಾನ. ಸಣ್ಣ ದಾನದಲ್ಲಿ ಮಾತ್ರ ನಾಳೆ ಬೆಳಗ್ಗೆ ಮಾಡಬೇಕಾದ ಕೆಲಸವೊಂದಿದೆ, ಅದನ್ನು ಮಾಡುವವನೊಬ್ಬನಿದ್ದಾನೆ, ಅವನ ಊಟಕ್ಕೆ ಎಲ್ಲಿಂದ ಬರಬೇಕೆಂಬ ಏರ್ಪಾಡೂ ಇದೆ. ಆ ಊಟ ಬರುವುದು ಕೆರೆಯ ಕೆಳಗಿನ ನೀರಾವರಿ ಭೂಮಿಯಿಂದ. ಮಳೆ ಬರುವವರೆಗೆ, ಕೆರೆ ತುಂಬುವವರೆಗೆ, ಕೆಲಸಕ್ಕೆ ಅನ್ನ ತಪ್ಪುವುದಿಲ್ಲ.

ಇದು ಒಂದು ಕಲ್ಲಿನ ಮಾತಲ್ಲ. ಕೆರೆಗಳನ್ನು ಕಾಪಾಡುವುದಕ್ಕೆ ನಮ್ಮ ಹಿರಿಯರು ಹೂಡಿದ ಏರ್ಪಾಡುಗಳೆಲ್ಲ ಹೆಚ್ಚುಕಡಿಮೆ ಇದೇ ಜಾಡಿನವು. ಗಂಗರ ಕಾಲದ ಶಾಸನಗಳಲ್ಲಿ ಬಿತ್ತುವಟ್ಟವೆಂಬ ಮಾತು ಬರುತ್ತದೆ. ಕೆರೆ ಕಟ್ಟಿಸಿದವನಿಗೆ ಆ ಕೆರೆಯ ನೀರುಂಡ ಭೂಮಿಯಲ್ಲಿಯೇ ಬಿಡುತ್ತಿದ್ದ ಪಾಲು ಅದು. ಮುಂದಿನ ಕಾಲದಲ್ಲಿ ಕಟ್ಟುಗೊಡಗೆ, ಕೆರೆಗೊಡಗೆ ಎಂಬ ಹೆಸರುಗಳು ಕಾಣಿಸುತ್ತವೆ. ದಸವಂದವೆಂದರೆ ಹತ್ತರಲ್ಲಿ ಒಂದು ಪಾಲು. ಹೂಳೆತ್ತುವ ಬಂಡಿ, ಅದನ್ನೆಳೆಯುವ ಕೋಣ, ಅದನ್ನು ಹೊಡೆಯುವ ಆಳು, ಇವಕ್ಕೆಲ್ಲ ಬೇರೆಬೇರೆಯಾಗಿ ಭೂಮಿ ಬಿಟ್ಟ ಉದಾಹರಣೆಗಳು ವಿಜಯನಗರ ಕಾಲದಲ್ಲಿವೆ. ಕೆರೆ ಒಡೆದರೆ ಕಟ್ಟುಗೊಡಗೆಯ ಗದ್ದೆಯೂ ಒಣಗುತ್ತದೆ. ಆದ್ದರಿಂದ ಕೆರೆಯ ಏರಿಯಲ್ಲಿ ಬಿರುಕು ಕಂಡರೆ ಮೊದಲು ನಿದ್ದೆಗೆಡುವವನು ಅದನ್ನು ಕಾಯಬೇಕಾದವನೇ. ಮೇಲಿನಿಂದ ಯಾರೂ ಬಂದು ತಪಾಸಣೆ ಮಾಡಬೇಕಾಗಿರಲಿಲ್ಲ.

ಹಾಗೆಂದು ಹಳೆಯದೆಲ್ಲ ಹೊನ್ನು ಎಂದು ಹೇಳುವ ಗುಂಪಿಗೆ ನಾನು ಸೇರಿದವನಲ್ಲ. ಈ ಏರ್ಪಾಡಿಗೆ ಒಂದು ದೊಡ್ಡ ದೋಷವಿತ್ತು. ಕೆಲಸವು ಹುಟ್ಟಿಗೆ ಅಂಟಿಕೊಂಡಿತ್ತು. ಕೆರೆಯ ತೂಬಿನ ಮುಂದೆ ನಡುರಾತ್ರಿ ನಿಂತು ನೀರು ಬಿಡುತ್ತಿದ್ದ ನೀರುಗಂಟಿಯ ಮಗ ನೀರುಗಂಟಿಯೇ ಆಗಬೇಕು. ತೋಟಿಯ ಮಗ ತೋಟಿಯೇ. ಬೇಡವೆನ್ನುವ ಸ್ವಾತಂತ್ರ್ಯ ಅವನಿಗಿರಲಿಲ್ಲ. ಊರಿನ ಹೊಲಗಳಿಗೆಲ್ಲ ನೀರು ಹಂಚುವವನಿಗೆ ಊರ ಬಾವಿಯ ನೀರು ಮುಟ್ಟುವ ಹಕ್ಕಿಲ್ಲದ ಹಳ್ಳಿಗಳು ಎಷ್ಟಿದ್ದವೆಂದು ಲೆಕ್ಕ ಇಟ್ಟವರಿಲ್ಲ. ೧೯೫೪ರಲ್ಲಿ ಮೈಸೂರು ರಾಜ್ಯದಲ್ಲಿ ವೈಯಕ್ತಿಕ ಮತ್ತು ಇತರ ಇನಾಂಗಳನ್ನು ರದ್ದುಪಡಿಸುವ ಕಾನೂನು ಬಂತು. ೧೯೬೧ರಲ್ಲಿ ಗ್ರಾಮಾಧಿಕಾರಗಳ ನಿರ್ಮೂಲನ ಕಾನೂನು ಬಂತು. ವಂಶಪಾರಂಪರ್ಯದ ಕಟ್ಟು ಹರಿಯಿತು. ಹರಿಯಲೇಬೇಕಾಗಿತ್ತು. ಆದರೆ ಆ ಕಟ್ಟಿನ ಜತೆಗೆ, ಇಂಥ ಕೆಲಸಕ್ಕೆ ಇಂಥ ಗದ್ದೆ ಎಂಬ ನಂಟೂ ಹರಿದುಹೋಯಿತು. ಅದರ ಸ್ಥಾನದಲ್ಲಿ ಬೇರೊಂದನ್ನು ಕಟ್ಟುವ ಕೆಲಸ ಹಿಂದುಳಿಯಿತು. ಹೂಳು ತುಂಬಿದ ನಮ್ಮ ಕೆರೆಗಳನ್ನು ನೋಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಇನ್ನು ಎರಡನೆಯ ದತ್ತಿಗೆ ಬರೋಣ. ಆತಕೂರು ಇರುವ ತಾಲ್ಲೂಕಿನಲ್ಲಿಯೇ ಬೆಳ್ಳೂರೆಂಬ ಹಳ್ಳಿಯಿದೆ. ಬೆಂಗಳೂರು-ಮೈಸೂರು ಹೆದ್ದಾರಿಯಿಂದ ಹನ್ನೆರಡು ಹದಿಮೂರು ಕಿಲೋಮೀಟರು ಒಳಗೆ, ಶಿಂಷಾ ಹೊಳೆಗೆ ಸಮೀಪದಲ್ಲಿ. ಬೆಳ್ಳೂರೆಂದರೆ ಯಾವ ಬೆಳ್ಳೂರು ಎಂದು ಕೇಳುವವರಿಗೆ ಕೊಕ್ಕರೆ ಬೆಳ್ಳೂರು ಎಂದರೆ ತಿಳಿಯುತ್ತದೆ. ಪ್ರತಿವರ್ಷ ಸುಗ್ಗಿಯ ಹೊತ್ತಿಗೆ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ನೂರಾರು ಸಂಖ್ಯೆಯಲ್ಲಿ ಈ ಊರಿಗೆ ಬರುತ್ತವೆ. ಕಾಡಿಗಲ್ಲ, ದ್ವೀಪಕ್ಕಲ್ಲ, ಊರಿನ ಒಳಗಿನ ಮನೆಗಳ ಹಿತ್ತಿಲಲ್ಲಿರುವ ಹುಣಸೆಮರಗಳಿಗೆ, ಆಲದ ಮರಗಳಿಗೆ. ಅಲ್ಲೇ ಗೂಡು ಕಟ್ಟಿ, ಮೊಟ್ಟೆಯಿಟ್ಟು, ಮರಿಗಳನ್ನು ಹಾರಲು ಕಲಿಸಿ, ಬೇಸಗೆ ಮುಗಿಯುವ ವೇಳೆಗೆ ಹೊರಟುಹೋಗುತ್ತವೆ.

ಇದು ಎಷ್ಟು ಹಳೆಯ ಸಂಬಂಧವೆಂದು ಖಚಿತವಾಗಿ ಹೇಳಲಾಗದು. ಮದರಾಸು ಸೈನ್ಯದ ವೈದ್ಯನಾಗಿದ್ದ ಜೆರ್ಡನ್ ಎಂಬಾತ ೧೮೬೨-೬೪ರಲ್ಲಿ ಅಚ್ಚಾದ ತನ್ನ ಪಕ್ಷಿಗ್ರಂಥದಲ್ಲಿ, ಕರ್ನಾಟಿಕ್ ಪ್ರಾಂತದ ಒಂದು ಹಳ್ಳಿಯ ನಡುವಿನ ಮರಗಳಲ್ಲಿ ಹೆಜ್ಜಾರ್ಲೆಗಳು ಮನುಷ್ಯರ ಸಾಮೀಪ್ಯವನ್ನು ಲೆಕ್ಕಿಸದೆ ಗೂಡು ಕಟ್ಟಿದ್ದನ್ನು ಕಂಡುದಾಗಿ ಬರೆದಿದ್ದಾನೆ. ಹಳ್ಳಿಯ ಹೆಸರನ್ನು ಅವನು ಹೇಳಿಲ್ಲ. ಅದು ಬೆಳ್ಳೂರೇ ಎಂದು ನಂಬುವವರಿದ್ದಾರೆ. ಬೆಳ್ಳೂರಿನ ಹಿರಿಯರು ಹೇಳುವ ಕಥೆ ಇನ್ನೊಂದಿದೆ. ಮೊದಲು ಊರು ಹೊಳೆಯ ದಡದಲ್ಲಿತ್ತಂತೆ. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಪ್ಲೇಗು ಬಂದಾಗ ಜನ ಊರು ಬಿಟ್ಟು ಈಗಿನ ಜಾಗಕ್ಕೆ ಬಂದರು. ಹಕ್ಕಿಗಳೂ ಅವರ ಹಿಂದೆಯೇ ಬಂದವು. ಇದರಲ್ಲಿ ಇತಿಹಾಸವೆಷ್ಟು, ಅಭಿಮಾನವೆಷ್ಟು ಎಂದು ಬಿಡಿಸುವುದು ಕಷ್ಟ. ಆದರೆ ಒಂದು ಊರು ತನ್ನ ಚರಿತ್ರೆಯನ್ನು ಹೇಳುವಾಗ ಹಕ್ಕಿಗಳನ್ನು ಬಿಟ್ಟು ಹೇಳಲಾರದು ಎಂಬುದೇ ಗಮನಿಸಬೇಕಾದ ವಿಷಯ.

ಹಕ್ಕಿಗಳಿಂದ ಊರಿಗೆ ಲಾಭವಿಲ್ಲದೆ ಇರಲಿಲ್ಲ. ಮರದ ಬುಡದಲ್ಲಿ ಗುಂಡಿ ತೋಡಿ, ಕೆರೆಯ ಗೋಡು ತುಂಬಿ, ಮೇಲಿನಿಂದ ಬೀಳುವ ಹಿಕ್ಕೆಯನ್ನು ಅದರೊಡನೆ ಕೂಡಿಸಿ ಗೊಬ್ಬರ ಮಾಡಿ ಹೊಲಕ್ಕೆ ಹಾಕುವ ರೂಢಿ ಇಲ್ಲಿಯದು. ಆದರೆ ನಷ್ಟವೂ ಸಣ್ಣದಲ್ಲ. ಹೆಜ್ಜಾರ್ಲೆ ನಾಲ್ಕೈದು ಕಿಲೋ ತೂಗುವ ಹಕ್ಕಿ. ಅಂಥ ಹತ್ತಾರು ಹಕ್ಕಿಗಳು ಸಂಸಾರ ಹೂಡಿದ ಹುಣಸೆಮರದಲ್ಲಿ ಹಣ್ಣು ಕೈಗೆ ಹತ್ತುವುದಿಲ್ಲ. ಹತ್ತಿದ ಹಣ್ಣೂ ಹಿಕ್ಕೆಯಿಂದ ಕೆಡುತ್ತದೆ. ಹುಣಸೆ ಉದುರಿಸುವ ಕಾಲವೂ ಮರಿ ಬೆಳೆಯುವ ಕಾಲವೂ ಒಂದೇ. ಕೋಲು ಎತ್ತಿದರೆ ಹಣ್ಣಿನ ಜತೆಗೆ ಮರಿಯೂ ಬೀಳುತ್ತದೆ. ಜತೆಗೆ ಅಂಗಳದ ತುಂಬ ಮೀನಿನ ವಾಸನೆ.

ಒಂದು ಜನವರಿಯಲ್ಲಿ ವಿದ್ಯಾರ್ಥಿಗಳನ್ನು ಕರೆದುಕೊಂಡು ಆ ಊರಿಗೆ ಹೋಗಿದ್ದೆ. ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಕುಳಿತಿದ್ದ ಒಬ್ಬ ಅಜ್ಜಿಯನ್ನು, ಇಷ್ಟೆಲ್ಲ ತೊಂದರೆಯನ್ನು ಹೇಗೆ ತಡೆದುಕೊಳ್ಳುತ್ತೀರಿ ಎಂದು ಕೇಳಿದೆ. "ಮಗಳು ಬಾಣಂತನಕ್ಕೆ ತವರಿಗೆ ಬಂದ್ರೆ ಲೆಕ್ಕ ಇಡ್ತೀವಾ ಮೇಷ್ಟ್ರೇ?" ಎಂದರು. ಸ್ವಲ್ಪ ಹೊತ್ತು ಬಿಟ್ಟು, ಮೊರವನ್ನು ಒಮ್ಮೆ ಕೇರಿ, "ಆದ್ರೂ ಹುಣಸೆಹಣ್ಣಿನ ಲೆಕ್ಕ ಬ್ಯಾರೆ ಅಲ್ವಾ?" ಎಂದು ನಕ್ಕರು. ಹಕ್ಕಿಗಳನ್ನು ಬಾಣಂತಿ ಮಗಳೆಂದು ಕರೆಯುವುದು ಆ ಊರಿನಲ್ಲಿ ಎಲ್ಲರ ಬಾಯಲ್ಲಿರುವ ಮಾತು. ಪತ್ರಿಕೆಗಳಲ್ಲಿಯೂ ಎಷ್ಟೋ ಸಲ ಬಂದಿದೆ. ಆದರೆ ಅಜ್ಜಿಯ ಎರಡನೆಯ ಮಾತನ್ನು ಯಾರೂ ಬರೆದಂತಿಲ್ಲ. ಈ ಲೇಖನಕ್ಕೆ ಬೇಕಾದದ್ದು ಆ ಎರಡನೆಯ ಮಾತೇ.

ಹುಣಸೆಹಣ್ಣಿನ ಲೆಕ್ಕವನ್ನು ಸರ್ಕಾರದ ಕಡೆಯಿಂದ ಮೊದಲು ಅರ್ಥ ಮಾಡಿಕೊಂಡವರು ಅರಣ್ಯಾಧಿಕಾರಿಯಾಗಿದ್ದ ಎಸ್. ಜಿ. ನೇಗಿನಹಾಳರು. ೧೯೮೦ರ ದಶಕದಲ್ಲಿ ಬೆಂಗಳೂರಿನ ಬೀದಿಗಳಲ್ಲಿ ಲಕ್ಷಗಟ್ಟಲೆ ಸಸಿ ನೆಡಿಸಿದವರೆಂದು ನಗರವಾಸಿಗಳಿಗೆ ಅವರ ಹೆಸರು ಗೊತ್ತು. ಅದಕ್ಕೂ ಮೊದಲೇ, ೧೯೭೬ರಲ್ಲಿ, ಅವರು ಬೆಳ್ಳೂರಿನ ಹಕ್ಕಿಗಳನ್ನು ಹೊರಜಗತ್ತಿನ ಗಮನಕ್ಕೆ ತಂದರು. ಅಲ್ಲಿಂದ ಮುಂದೆ, ಹಕ್ಕಿ ಗೂಡು ಕಟ್ಟಿದ ಮರದ ಒಡೆಯನಿಗೆ ಆ ಮರದ ಲೆಕ್ಕದಲ್ಲಿ ಅರಣ್ಯ ಇಲಾಖೆಯಿಂದ ಒಂದಿಷ್ಟು ಪರಿಹಾರಧನ ಕೊಡುವ ಪದ್ಧತಿ ಬೆಳೆದುಬಂತು.

ಅದರ ವಿಶೇಷ ತಿಳಿಯಬೇಕಾದರೆ ಅದೇ ಜಿಲ್ಲೆಯ ಇನ್ನೊಂದು ಪಕ್ಷಿಧಾಮವನ್ನು ನೆನೆಯಬೇಕು. ಸಲೀಂ ಅಲಿಯವರು ೧೯೩೦ರಲ್ಲಿ ಜರ್ಮನಿಯಿಂದ ಮರಳಿದಾಗ ಮುಂಬಯಿಯ ವಸ್ತುಸಂಗ್ರಹಾಲಯದಲ್ಲಿದ್ದ ಅವರ ಹುದ್ದೆ ಹಣವಿಲ್ಲದೆ ರದ್ದಾಗಿತ್ತು. ಮೂವತ್ತೈದರ ಆಸುಪಾಸಿನಲ್ಲಿದ್ದ ಅವರು ದೇಶೀಯ ಸಂಸ್ಥಾನಗಳಿಗೆ ಒಂದು ಸಲಹೆಯಿಟ್ಟರು: ನನಗೆ ಸಂಬಳ ಬೇಡ, ಓಡಾಟದ ಖರ್ಚು ಕೊಡಿ, ನಿಮ್ಮ ರಾಜ್ಯದ ಹಕ್ಕಿಗಳ ಸಮೀಕ್ಷೆ ಮಾಡಿಕೊಡುತ್ತೇನೆ. ಹೈದರಾಬಾದು ಒಪ್ಪಿತು, ತಿರುವಾಂಕೂರು, ಕೊಚ್ಚಿಗಳು ಒಪ್ಪಿದವು, ೧೯೩೯-೪೦ರಲ್ಲಿ ಮೈಸೂರಿನ ಸರದಿಯೂ ಬಂತು. ಆ ಓಡಾಟದಲ್ಲಿ ಶ್ರೀರಂಗಪಟ್ಟಣದ ಬಳಿ ಕಾವೇರಿಯ ನಡುಗಡ್ಡೆಗಳಲ್ಲಿ ಹಕ್ಕಿಗಳ ಗೂಡುಗಳನ್ನು ಕಂಡು ಅವರು ಮಾಡಿದ ಒತ್ತಾಯದಿಂದಲೇ ೧೯೪೦ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಒಬ್ಬ ಮನುಷ್ಯನಿಗೆ ಕೊಟ್ಟ ಬಸ್ಸು, ಬಂಡಿ, ಬಿಡಾರದ ಖರ್ಚು ಎಂಥ ಫಲ ಕೊಟ್ಟಿತು ನೋಡಿ. ಆದರೆ ನಡುಗಡ್ಡೆಗೆ ಹಣ್ಣಿನ ಲೆಕ್ಕ ಕೇಳುವ ಒಡೆಯನಿಲ್ಲ. ಸುತ್ತಲೂ ನೀರಿದೆ, ಮೇಲಿನಿಂದ ಒಂದು ಆಜ್ಞೆ ಬಂದರೆ ಕೆಲಸ ಮುಗಿಯಿತು. ಬೆಳ್ಳೂರಿನಲ್ಲಿ ಹಾಗಲ್ಲ. ಮರ ಒಬ್ಬರದು, ನೆರಳು ಪಕ್ಕದ ಮನೆಯವರದು, ಮೀನು ತೈಲೂರು ಕೆರೆಯದು, ಶಿಂಷೆಯದು. ಇಲ್ಲಿ ಆಜ್ಞೆಯಿಂದ ಆಗುವುದು ಸ್ವಲ್ಪ. ಆದ್ದರಿಂದ ಮರಕ್ಕೆ ಇಷ್ಟು ಎಂದು ಕೊಟ್ಟ ಆ ಸಣ್ಣ ಹಣವನ್ನು ಸಾವಿರ ವರ್ಷದ ಹಿಂದಿನ ಎರಡು ಖಂಡುಗ ಗದ್ದೆಯ ಪಕ್ಕದಲ್ಲಿಯೇ ಇಡಬೇಕೆಂದು ನನಗೆ ತೋರುತ್ತದೆ. ನಿನ್ನ ಹಿತ್ತಿಲಲ್ಲಿ ನಡೆಯುತ್ತಿರುವುದು ಊರಿಗೆಲ್ಲ ಸಂಬಂಧಪಟ್ಟ ಕೆಲಸ ಎಂದು ಸರ್ಕಾರವು ಒಬ್ಬ ರೈತನಿಗೆ ಬರೆದುಕೊಟ್ಟ ಒಪ್ಪಿಗೆಪತ್ರ ಅದು.

ಆದರೂ ಅದು ಸಾಲಲಿಲ್ಲ. ಒಂದು ಒಳ್ಳೆಯ ಹುಣಸೆ ಫಸಲಿನ ಬೆಲೆಯ ಮುಂದೆ, ಮರವನ್ನೇ ಕಡಿದು ಮಾರಿದರೆ ಬರುವ ಬೆಲೆಯ ಮುಂದೆ, ಪರಿಹಾರ ಚಿಕ್ಕದು. ಮಗಳ ಮದುವೆಗೋ ಮನೆಯ ಪಾಲಿಗೋ ಮರ ಉರುಳುವುದು ಪೂರ್ತಿಯಾಗಿ ನಿಲ್ಲಲಿಲ್ಲ. ಅಷ್ಟೇ ಅಲ್ಲ, ಹಣ ಮರದ ಒಡೆಯನಿಗೆ ಹೋಗುತ್ತದೆ. ಮರಿಯನ್ನು ನೋಡಿಕೊಳ್ಳುವವರು ಯಾರು? ಗಾಳಿ ಬೀಸಿದಾಗ, ಗೂಡಿನಲ್ಲಿ ನೂಕುನುಗ್ಗಲಾದಾಗ, ಇನ್ನೂ ರೆಕ್ಕೆ ಬಲಿಯದ ಮರಿಗಳು ಕೆಳಗೆ ಬೀಳುತ್ತವೆ. ತಾಯಿಹಕ್ಕಿ ನೆಲಕ್ಕಿಳಿದು ಬಿದ್ದ ಮರಿಗೆ ಉಣಿಸುವುದಿಲ್ಲ. ನಾಯಿ ಕಚ್ಚಿಕೊಂಡು ಹೋಗುತ್ತದೆ, ಇಲ್ಲವೆ ಬಿಸಿಲಿಗೆ ಸಾಯುತ್ತದೆ. ಆತಕೂರಿನ ಕಲ್ಲಿಗೆ ಗೊರವನಿದ್ದ. ಬೆಳ್ಳೂರಿನ ಹಕ್ಕಿಗೆ ಗೊರವನಿರಲಿಲ್ಲ.

ಆ ಸ್ಥಾನಕ್ಕೆ ಬಂದವರು ಊರಿನ ಹುಡುಗರು. ೧೯೯೪ರ ಹೊತ್ತಿಗೆ ಮೈಸೂರಿನ ಹವ್ಯಾಸಿ ಪ್ರಕೃತಿಪ್ರಿಯರ ಕೂಟವೊಂದು, ಮೈಸೂರು ಅಮೆಚೂರ್ ನ್ಯಾಚುರಲಿಸ್ಟ್ಸ್ ಎಂದು ಅದರ ಹೆಸರು, ಬೆಳ್ಳೂರಿನಲ್ಲಿ ಕೆಲಸಕ್ಕೆ ತೊಡಗಿತು. ಅವರ ಜತೆ ಸೇರಿದ ಊರಿನ ತರುಣರು 'ಹೆಜ್ಜಾರ್ಲೆ ಬಳಗ'ವೆಂದು ತಮ್ಮನ್ನು ಕರೆದುಕೊಂಡರು. ಬಳಗವೆಂಬ ಮಾತನ್ನು ಅವರು ಆರಿಸಿಕೊಂಡದ್ದು ಕನ್ನಡದ ಮೇಷ್ಟರಾದ ನನಗೆ ಬಹಳ ಹಿಡಿಸಿದೆ. ಸಂಘ, ಸಮಿತಿ, ಮಂಡಳಿ ಎಂದಿದ್ದರೆ ಅಧ್ಯಕ್ಷರೂ ಖಜಾಂಚಿಯೂ ಕಣ್ಣ ಮುಂದೆ ನಿಲ್ಲುತ್ತಿದ್ದರು. ಬಳಗವೆಂದಾಗ ಹೆಜ್ಜಾರ್ಲೆಯೇ ನೆಂಟನಾಯಿತು. ಅಜ್ಜಿಯರು ಮಗಳೆಂದದ್ದನ್ನು ಮೊಮ್ಮಕ್ಕಳು ಹೀಗೆ ಮುಂದುವರಿಸಿದರು.

ಅವರ ಕೆಲಸ ನೋಡುವುದಕ್ಕೆ ಏನೂ ಭವ್ಯವಲ್ಲ. ಬೆಳಗ್ಗೆ ಸಂಜೆ ಮರಗಳ ಬುಡದಲ್ಲಿ ಸುತ್ತುವುದು. ಬಿದ್ದ ಮರಿಯನ್ನು ಎತ್ತಿ ತರುವುದು. ಬಲೆ ಕಟ್ಟಿದ ಒಂದು ಆವರಣದಲ್ಲಿ ಅದನ್ನಿಟ್ಟು, ಮೀನು ತಂದು ಉಣಿಸಿ, ಗಾಯವಿದ್ದರೆ ಮದ್ದು ಹಚ್ಚಿ, ರೆಕ್ಕೆ ಬಲಿತ ಮೇಲೆ ಬಿಡುವುದು. ಎಷ್ಟು ಗೂಡು, ಎಷ್ಟು ಮರಿ ಎಂದು ಎಣಿಸುವುದು. ನಾಳೆಯ ಹಕ್ಕಿಗಳಿಗಾಗಿ ಸಸಿ ನೆಡುವುದು. ಬಂದ ಪ್ರವಾಸಿಗಳಿಗೆ ಗಲಾಟೆ ಮಾಡಬೇಡಿರೆಂದು ಕೈಮುಗಿದು ಹೇಳುವುದು. ಇದಕ್ಕೆ ಬೇಕಾಗುವ ಹಣವೂ ದೊಡ್ಡದಲ್ಲ. ಬಲೆ, ಗೂಟ, ಮೀನು, ಔಷಧ. ಆದರೆ ಹಕ್ಕಿ ಇರುವಷ್ಟು ದಿನವೂ, ಒಂದು ದಿನವೂ ತಪ್ಪದೆ ಬೇಕು. ಹೆಜ್ಜಾರ್ಲೆ ಮರಿ ಹಸಿವಿಗೆ ಭಾನುವಾರವೆಂದೂ ಹಬ್ಬವೆಂದೂ ನೋಡುವುದಿಲ್ಲ.

ಹಳೆಯ ನೀರುಗಂಟಿಗೂ ಈ ಹುಡುಗರಿಗೂ ಇರುವ ವ್ಯತ್ಯಾಸವನ್ನು ಇಲ್ಲಿ ಹೇಳಿಬಿಡಬೇಕು. ಇವರು ಹುಟ್ಟಿನಿಂದ ಈ ಕೆಲಸಕ್ಕೆ ಬಂದವರಲ್ಲ. ಶಾಪಕ್ಕೆ ಹೆದರಿ ಬಂದವರಲ್ಲ. ಮನಸ್ಸಾಯಿತು, ಬಂದರು. ಬೇಡವೆಂದರೆ ಬಿಡಬಲ್ಲರು. ಸಾವಿರ ವರ್ಷಗಳಲ್ಲಿ ನಾವು ಗಳಿಸಿದ್ದು ಇದನ್ನು. ಇದು ಸಣ್ಣ ಗಳಿಕೆಯಲ್ಲ. ಆದರೆ ಇದರಿಂದಲೇ ಒಂದು ಕಷ್ಟವೂ ಹುಟ್ಟಿತು. ಬಿಡಬಲ್ಲವರು ಬಿಡದಂತೆ ನೋಡಿಕೊಳ್ಳುವುದು ಹೇಗೆ? ಗೊರವನಿಗೆ ಗದ್ದೆಯಿತ್ತು. ಬಳಗದ ಹುಡುಗನಿಗೆ ಏನಿದೆ? ಹೆದ್ದಾರಿ ಹತ್ತಿರ, ಬಿಡದಿಯ ಕಾರ್ಖಾನೆಗಳು ಹತ್ತಿರ, ಬೆಂಗಳೂರು ಎರಡು ಗಂಟೆಯ ಹಾದಿ. ಇಪ್ಪತ್ತರ ಹುಡುಗ ಮೀನಿನ ಬುಟ್ಟಿ ಹೊತ್ತಾನು. ಮೂವತ್ತಕ್ಕೆ ಮದುವೆಯಾಗಿ ಮಗುವಾದ ಮೇಲೆ ಅದೇ ಬುಟ್ಟಿಯನ್ನು ಹೊರೆಂದು ಹೇಳುವ ಬಾಯಿ ಯಾರಿಗುಂಟು?

ತರುಣರ ಇಂಥ ಕೆಲಸಗಳಿಗೆ ಸಣ್ಣ ಅನುದಾನ ಕೊಡುವ ಸಂಸ್ಥೆಗಳು ಈಗ ಜಗತ್ತಿನಲ್ಲಿ ಹಲವಿವೆ. ಕನ್ಸರ್ವೇಶನ್ ಲೀಡರ್‌ಶಿಪ್ ಪ್ರೋಗ್ರ್ಯಾಮ್ ಎಂಬುದು ೧೯೮೫ರಿಂದ, ಆಗತಾನೆ ಈ ಕ್ಷೇತ್ರಕ್ಕೆ ಕಾಲಿಟ್ಟ ತರುಣರ ತಂಡಗಳಿಗೆ ನೆರವು ನೀಡುತ್ತ ಬಂದಿತು. ೧೯೯೨ರಲ್ಲಿ ಜಾಗತಿಕ ಪರಿಸರ ನಿಧಿಯ ಸಣ್ಣ ಅನುದಾನ ಯೋಜನೆ ಆರಂಭವಾಯಿತು. ಊರಿನ ಮಟ್ಟದ ಸಂಘಗಳಿಗೆ ೫೦,೦೦೦ ಡಾಲರ್ ಮೀರದಂತೆ ಸಹಾಯ ಮಾಡುವುದು ಬಹುಕಾಲ ಅದರ ನಿಯಮವಾಗಿತ್ತು. ಇವುಗಳಿಂದ ಎಷ್ಟೋ ಒಳ್ಳೆಯ ಕೆಲಸಗಳು ನಡೆದಿವೆ. ಲಕ್ಷ ಕೋಟಿಗಳ ಯೋಜನೆಗಳು ತಲುಪದ ಹಿತ್ತಿಲಿಗೆ ಇವು ತಲುಪುತ್ತವೆ. ಇಪ್ಪತ್ತೈದು ವರ್ಷದ ಹುಡುಗಿಯೊಬ್ಬಳನ್ನು ನಂಬಿ ಅವಳ ಕೈಗೆ ಹಣ ಕೊಡುತ್ತವೆ. ಆ ನಂಬಿಕೆಯೇ ದೊಡ್ಡ ವಿಷಯ.

ಆದರೂ ಆತಕೂರಿನ ಕಲ್ಲಿನ ಪಕ್ಕದಲ್ಲಿ ಇಂದಿನ ಅನುದಾನದ ಅರ್ಜಿಯನ್ನು ಇಟ್ಟು ನೋಡಿದರೆ ಒಂದು ವ್ಯತ್ಯಾಸ ಎದ್ದು ಕಾಣುತ್ತದೆ. ಅರ್ಜಿಯಲ್ಲಿ ಕೆಲಸ ಆರಂಭವಾಗುವ ತಾರೀಖೂ ಇರುತ್ತದೆ, ಮುಗಿಯುವ ತಾರೀಖೂ ಇರುತ್ತದೆ. ವರ್ಷಕ್ಕೋ ಎರಡು ವರ್ಷಕ್ಕೋ ವರದಿ ಒಪ್ಪಿಸಿದರೆ ಲೆಕ್ಕ ಚುಕ್ತಾ. ಕಲ್ಲಿನಲ್ಲಿ ಆರಂಭ ಮಾತ್ರ ಇದೆ. ಸೂರ್ಯಚಂದ್ರರಿರುವವರೆಗೆ ಎಂದು ನಮ್ಮ ಶಾಸನಗಳು ಹೇಳುವುದನ್ನು ನಾವು ಅಲಂಕಾರದ ಮಾತೆಂದು ದಾಟಿಬಿಡುತ್ತೇವೆ. ಅದು ಆಡಳಿತದ ಮಾತು. ಕೆರೆಯ ಹೂಳು ಎರಡು ವರ್ಷಕ್ಕೆ ಮುಗಿಯುವುದಿಲ್ಲ, ಆದ್ದರಿಂದ ಅದನ್ನೆತ್ತುವವನ ಅನ್ನವೂ ಎರಡು ವರ್ಷಕ್ಕೆ ಮುಗಿಯಬಾರದು ಎಂಬ ಸರಳ ಲೆಕ್ಕ. ಹಕ್ಕಿಯ ಲೆಕ್ಕವೂ ಅದೇ. ಇಂದು ನೆಟ್ಟ ಹುಣಸೆ ಹತ್ತಾರು ಗೂಡುಗಳ ಭಾರ ಹೊರುವ ಮರವಾಗಬೇಕಾದರೆ ನೆಟ್ಟವನ ಅರ್ಧ ಆಯುಸ್ಸು ಕಳೆದಿರುತ್ತದೆ.

ಶಾಶ್ವತತೆಗೆ ಹತ್ತಿರದ ಒಂದು ಹೆಜ್ಜೆ ೨೦೦೭ರಲ್ಲಿ ಬಿತ್ತು. ವನ್ಯಜೀವಿ ಸಂರಕ್ಷಣಾ ಕಾನೂನಿಗೆ ೨೦೦೨ರಲ್ಲಿ ಆದ ತಿದ್ದುಪಡಿಯಲ್ಲಿ 'ಸಮುದಾಯ ಮೀಸಲು' ಎಂಬ ಹೊಸ ವರ್ಗ ಸೇರಿತ್ತು. ಖಾಸಗಿಯವರ ಅಥವಾ ಊರಿನ ಭೂಮಿಯನ್ನು ಅವರಿಂದ ಕಸಿಯದೆ, ಅವರನ್ನೇ ಸೇರಿಸಿಕೊಂಡು ಕಾಪಾಡುವ ಏರ್ಪಾಡು. ಆ ನಿಯಮದಂತೆ ಕೊಕ್ಕರೆ ಬೆಳ್ಳೂರು ಕರ್ನಾಟಕದ ಮೊದಲ ಸಮುದಾಯ ಮೀಸಲಾಯಿತು. ಹುಣಸೆಮರ ರೈತನದೇ ಆಗಿ ಉಳಿಯಿತು, ಊರಿಗೆ ಮಾತ್ರ ಕಾನೂನಿನಲ್ಲೊಂದು ಹೆಸರು ಬಂತು.

ಹೆಸರು ಬಂದ ಮಾತ್ರಕ್ಕೆ ಕಷ್ಟ ತಪ್ಪುತ್ತದೆಯೇ? ೨೦೧೭ರ ಕೊನೆಯಿಂದ ೨೦೧೮ರ ಮೊದಲ ತಿಂಗಳುಗಳವರೆಗೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಒಂದರ ಹಿಂದೊಂದು ಮರದಿಂದ ಬಿದ್ದು ಸತ್ತವು. ಪರೀಕ್ಷಿಸಿದಾಗ ಹೊಟ್ಟೆಯಲ್ಲಿ ಹುಳುಗಳು ಕಂಡುಬಂದವು. ತಿಂದ ಮೀನಿನ ಮೂಲಕ ಸೇರಿದವು ಎಂದರು. ಹಾಗಾದರೆ ಕೇಡಿನ ಬೇರು ಮರದಲ್ಲಿರಲಿಲ್ಲ, ನೀರಿನಲ್ಲಿತ್ತು. ಹಕ್ಕಿಯನ್ನು ಉಳಿಸಬೇಕಾದರೆ ಹುಣಸೆ ಸಾಲದು, ಕೆರೆಯೂ ಬೇಕು. ಮತ್ತೆ ನಾವು ಕಟ್ಟುಗೊಡಗೆಯ ಹತ್ತಿರಕ್ಕೇ ಬಂದು ನಿಂತೆವು. ಆತಕೂರಿನವರು ನಾಯಿಯ ಕಲ್ಲಿಗೆ ಗದ್ದೆ ಬಿಟ್ಟಾಗ ಕೆರೆಯ ಕೆಳಗಿನ ಗದ್ದೆಯನ್ನೇ ಬಿಟ್ಟದ್ದು ಸುಮ್ಮನೆ ಅಲ್ಲ. ಕೆರೆ ನಡೆದರೆ ಉಳಿದದ್ದೆಲ್ಲ ನಡೆಯುತ್ತದೆ ಎಂಬುದು ಅವರಿಗೆ ಗೊತ್ತಿತ್ತು.

ಹಾಗಾದರೆ ಏನು ಮಾಡಬೇಕೆಂದು ಓದುಗರು ಕೇಳಿಯಾರು. ಇನಾಂ ಪದ್ಧತಿಯನ್ನು ಮತ್ತೆ ತನ್ನಿರೆಂದು ಯಾರೂ ಹೇಳುವುದಿಲ್ಲ. ನನಗೆ ತೋರುವ ಮಾತು ಇಷ್ಟೆ. ಸಣ್ಣ ಅನುದಾನ ಸಣ್ಣದಾಗಿಯೇ ಇರಲಿ. ದೊಡ್ಡದಾದರೆ ಅದರ ಸುತ್ತ ಕಚೇರಿ ಬೆಳೆಯುತ್ತದೆ, ಮರಿ ಹಸಿದಿರುತ್ತದೆ. ಆದರೆ ಅದು ವರ್ಷವರ್ಷವೂ ಬರಲಿ. ಮರದ ಒಡೆಯನಿಗೊಂದು ಪಾಲಿರುವಂತೆ ಮರಿ ಎತ್ತುವವನಿಗೂ ಒಂದು ಪಾಲಿರಲಿ. ಸಾಧ್ಯವಾದ ಮಟ್ಟಿಗೆ ಅದು ದೂರದ ದೊರೆಯ ಕೈಯಿಂದ ಬಾರದೆ ಆ ನೆಲದ ಹುಟ್ಟುವಳಿಯಿಂದಲೇ ಬರಲಿ. ಹಕ್ಕಿ ನೋಡಲು ಕಾರಿನಲ್ಲಿ ಬರುವ ನಾವು ಊರಿನ ಬಾಗಿಲಲ್ಲಿ ಇಡುವ ಹಣವೂ ಒಂದು ಬಗೆಯ ದಸವಂದವೇ ಆದೀತು. ಇವತ್ತು ಬುಟ್ಟಿ ಹೊತ್ತವನು ನಾಳೆ ಇಳಿಸಿದರೆ ಅದನ್ನು ಹೊರಲು ಇನ್ನೊಬ್ಬ ಹುಡುಗನೋ ಹುಡುಗಿಯೋ ಮನಸ್ಸು ಮಾಡುವಂತಿರಲಿ.

ಬನವಾಸಿ ಪನ್ನಿರ್ಛಾಸಿರ ಬೂತುಗನ ಮನೆತನದಲ್ಲಿ ಎಷ್ಟು ಕಾಲ ಉಳಿಯಿತೆಂಬುದನ್ನು ಚರಿತ್ರೆ ಓದಿದವರು ಬಲ್ಲರು. ಆ ಗಂಗರೂ ಇಲ್ಲ, ಅವರಿಗೆ ಕೊಟ್ಟ ರಾಷ್ಟ್ರಕೂಟರೂ ಇಲ್ಲ. ಕಾಳಿಯೆಂಬ ನಾಯಿಯ ಹೆಸರನ್ನು ಮಾತ್ರ ಇವತ್ತಿಗೂ ತರಗತಿಯಲ್ಲಿ ಹುಡುಗರು ನಗುತ್ತ ಓದುತ್ತಾರೆ. ಬೆಳ್ಳೂರಿನಲ್ಲಿ ೧೯೯೪ರ ಆಸುಪಾಸಿನಲ್ಲಿ ಮೊದಲ ಮರಿಯನ್ನು ಎತ್ತಿ ತಂದ ಹುಡುಗರು ಈಗ ನನ್ನ ವಯಸ್ಸಿನವರು. ಅವರ ಮಕ್ಕಳಲ್ಲಿ ಕೆಲವರಾದರೂ ಯಾವುದಾದರೊಂದು ಕಾಲೇಜಿನಲ್ಲಿ ಆತಕೂರಿನ ಪಾಠ ಕೇಳುತ್ತಿರಬಹುದು. ಎರಡು ಖಂಡುಗ ಗದ್ದೆ ಯಾಕೆ ಎಂದು ಅವರಿಗೆ ವಿವರಿಸಿ ಹೇಳಬೇಕಾಗಿ ಬರಲಾರದು.